ಎರಡನೇ ಬ್ರೇಕು

ಬ್ರೇಕ್ ಮೇಷ್ಟ್ರ ತಾಯಿ ಹುಟ್ಟಿದಾಗಿನಿಂದ ಸ್ಟಿಯರಿಂಗ್ ಮುಟ್ಟಿದವರಲ್ಲ. ಅಂಥವರ ಹೆಸರಿಗೆ, ನಿಮ್ಮ ಕಾರು ಟೋಲ್ ಕಟ್ಟದೆ ಹೊಸ ಸೇತುವೆಯನ್ನು ಮತ್ತೆ ಮತ್ತೆ ದಾಟಿದೆ ಎಂದು ಸರ್ಕಾರಿ ಲಕೋಟೆ ಬಂದರೆ ನಗು ಬಾರದೆ ಇರುತ್ತದೆಯೇ? ಲಕೋಟೆ ಒಡೆದು ಓದಿದ ಮೇಷ್ಟ್ರ ಮಗಳು ನಕ್ಕಳು. ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ ಮೇಷ್ಟ್ರೂ ನಕ್ಕರು. ಒಲೆಯ ಮುಂದೆ ಮೊಟ್ಟೆ ಮಗುಚುತ್ತಿದ್ದ ಹೆಂಡತಿಯಾಗಲಿ, ಕಿಟಕಿಯ ಪಕ್ಕ ಚಹಾ ಊದಿಕೊಂಡು ಕುಡಿಯುತ್ತಿದ್ದ ಅಜ್ಜಿಯಾಗಲಿ ನಗಲಿಲ್ಲ. ಅದು ಆಗ ಯಾರ ಗಮನಕ್ಕೂ ಬರಲಿಲ್ಲ.

“ಅಜ್ಜೀ, ಕದ್ದುಮುಚ್ಚಿ ಕಾರು ಓಡಿಸ್ತಿದೀಯಾ? ಒಂದು ಮಾತು ಹೇಳಬಾರದಾ?” ಎಂದಳು ಮಗಳು.

“ನನಗೆ ಕಾರು ಓಡಿಸೋಕೆ ಬರುತ್ತೇನೇ?” ಎಂದರು ಅಜ್ಜಿ, ಲೋಟದಿಂದ ಮುಖ ಎತ್ತದೆ.

“ದಂಡ ಬೇರೆ ಜಡಿದಿದಾರೆ ಅಪ್ಪ. ಟೋಲಿಗಿಂತ ದಂಡವೇ ಜಾಸ್ತಿ. ಇದು ಇತ್ಯರ್ಥ ಆಗೋ ತನಕ ಗಾಡಿಯ ಪರ್ಮಿಟ್ ಮುಂದುವರಿಸಲ್ಲ ಅಂತ ಕೆಳಗೆ ಬರೆದಿದೆ.”

ಮೇಷ್ಟ್ರ ನಗು ಅಲ್ಲಿಗೆ ನಿಂತಿತು. ಅವರ ಡ್ರೈವಿಂಗ್ ಸ್ಕೂಲಿಗಿದ್ದದ್ದು ಅದೊಂದೇ ಕಾರು. ಪರ್ಮಿಟ್ ಮುಂದಿನ ತಿಂಗಳಿಗೆ ಮುಗಿಯುವುದರಲ್ಲಿತ್ತು. ಪರ್ಮಿಟ್ ಇಲ್ಲದೆ ಕಲಿಸುವ ಹಾಗಿಲ್ಲ, ಕಲಿಸದಿದ್ದರೆ ಮನೆಯ ಒಲೆ ಉರಿಯುವ ಹಾಗಿಲ್ಲ.

ಕಾರು ಅಜ್ಜಿಯ ಹೆಸರಿನಲ್ಲಿದ್ದದ್ದು ನಿಜ. ನೂಲಿನ ಗಿರಣಿಯಿಂದ ನಿವೃತ್ತರಾದಾಗ ಕೈಗೆ ಬಂದ ಗಂಟನ್ನು ಅವರು ಇಡಿಯಾಗಿ ಮಗನ ಮುಂದಿಟ್ಟಿದ್ದರು. ಕಾರಿನ ಅಂಗಡಿಯವನು ಹಣ ಕೊಟ್ಟವರ ಹೆಸರಿಗೇ ಕಾಗದ ಮಾಡಿಕೊಟ್ಟ. ಬದಲಾಯಿಸಬೇಕು ಎಂದು ಮೇಷ್ಟ್ರು ಆಗಾಗ ಅಂದುಕೊಳ್ಳುವುದು, ಮರೆಯುವುದು, ಹೀಗೇ ನಡೆದಿತ್ತು. ಹೆಸರು ಯಾರದಾದರೇನು, ಕಾರು ತಮ್ಮದೇ ತಾನೇ? ಅದರ ನೆತ್ತಿಯ ಮೇಲೆ ಅವರ ಸ್ಕೂಲಿನ ಫಲಕವಿತ್ತು. ಪಕ್ಕದ ಸೀಟಿನ ಮುಂದೆ, ಕಾಲಿಡುವಲ್ಲಿ, ಎರಡನೇ ಬ್ರೇಕ್ ಇತ್ತು. ಕಲಿಯುವವರು ತಬ್ಬಿಬ್ಬಾದಾಗ ಕಲಿಸುವವರು ತುಳಿಯಲಿ ಎಂದು ಇಡಿಸುವ ಬ್ರೇಕ್ ಅದು. ಬೇರೆ ಮೇಷ್ಟ್ರುಗಳು ಅದನ್ನು ಆಪತ್ತಿಗೆಂದು ಇಟ್ಟುಕೊಂಡರೆ, ಇವರ ಕಾಲು ಅಲ್ಲೇ ಬಿಡಾರ ಹೂಡಿತ್ತು. ಬ್ರೇಕ್ ಮೇಷ್ಟ್ರು ಎಂಬ ಹೆಸರು ಬಂದದ್ದು ಹಾಗೆ. ಊರಿನ ಅರ್ಧ ಜನ ಅವರ ಕೈಯಲ್ಲಿ ಕಲಿತವರು, ಅಂದರೆ ಅವರ ಬೈಗುಳ ತಿಂದವರು.

“ಯಾವ ಯಾವ ದಿನ ಅಂತೆ?” ಎಂದು ಕೇಳಿದರು ಮೇಷ್ಟ್ರು.

“ಎಲ್ಲಾ ಬುಧವಾರಾನೇ. ಬೆಳಗಿನ ಹೊತ್ತು.”

“ಬುಧವಾರ!” ಮೇಷ್ಟ್ರು ಮೇಜು ಕುಟ್ಟಿದ ರಭಸಕ್ಕೆ ಬೆಣ್ಣೆಯ ಚಾಕು ಕೆಳಗೆ ಬಿತ್ತು. “ಬುಧವಾರ ಬೆಳಿಗ್ಗೆ ನಾನೆಲ್ಲಿರ್ತೀನಿ?”

ಅದು ಮನೆಗೆಲ್ಲ ಗೊತ್ತಿದ್ದದ್ದೇ. ಬುಧವಾರ ಬೆಳಿಗ್ಗೆ ಟೈರ್ ಅಂಗಡಿಯ ಮಹಡಿಯ ಮೇಲೆ ಅವರು ರಸ್ತೆ ನಿಯಮಗಳ ಪಾಠ ಮಾಡುತ್ತಿದ್ದರು. ನಡೆದೇ ಹೋಗುತ್ತಿದ್ದರು. ಕಾರು ಮನೆ ಮುಂದೆ, ಬೀಗದ ಕೈ ಬಾಗಿಲ ಪಕ್ಕದ ಮೊಳೆಯಲ್ಲಿ.

“ಊರಿಗೆಲ್ಲ ನಿಯಮ ಹೇಳಿಕೊಡ್ತಾ ನಾನಲ್ಲಿ ನಿಂತಿರುವಾಗ ನನ್ನ ಕಾರು ಸೇತುವೆ ಮೇಲೆ ನಿಯಮ ಮುರೀತಿತ್ತಾ? ಕಲಿಯೋರ ಕಾರು ಆ ಸೇತುವೆ ಹತ್ತೋ ಹಾಗೇ ಇಲ್ಲ. ನಾನು ಇವತ್ತಿನವರೆಗೂ ಹತ್ತಿಸಿಲ್ಲ. ಟೋಲಿನ ಗೇಟು ಯಾವ ಕಡೆ ಇದೆ ಅಂತ ಕೂಡ ನೋಡಿಲ್ಲ.”

“ಗೇಟೇ ಇಲ್ಲ ಅಪ್ಪ. ಮೇಲೆ ಕ್ಯಾಮೆರಾ ಇದೆ. ನಂಬರ್ ಓದಿ ಮಾಲೀಕರ ಮನೆಗೆ ಲೆಕ್ಕ ಕಳಿಸುತ್ತೆ. ಯಾರು ಓಡಿಸಿದ್ರೂ ಹೊಣೆ ಮಾಲೀಕರದ್ದೇ.”

“ಗೇಟಿಲ್ಲ ಅಂದ್ರೆ ಕಟ್ಟಬೇಕು ಅಂತ ಹೇಗೆ ಗೊತ್ತಾಗಬೇಕು?” ಎಂದಳು ಹೆಂಡತಿ ಒಲೆಯ ಕಡೆಯಿಂದ.

“ಬೋರ್ಡ್ ಹಾಕಿರ್ತಾರೆ.”

“ಓಡಿಸೋರು ರಸ್ತೆ ನೋಡ್ತಾರೋ, ಬೋರ್ಡ್ ನೋಡ್ತಾರೋ?”

“ಎರಡನ್ನೂ ನೋಡಬೇಕು ಮಾರಾಯ್ತಿ. ಅದಕ್ಕೇ ಪಾಠ ಅಂತ ಒಂದಿರೋದು.”

ಅವಳು ಒಲೆಯ ಕಡೆ ತಿರುಗಿದಳು. ಮೊಟ್ಟೆ ಒಂದು ಬದಿ ಸೀದು ಹೋಗಿತ್ತು.

ಸಂಜೆ ಮೇಷ್ಟ್ರು ಪಾಠ ಮುಗಿಸಿ ಬಂದಾಗ ಮೇಜಿನ ಮೇಲೆ ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ಹೆಂಡತಿ ಅದನ್ನು ಅವರ ಕಡೆ ತಳ್ಳಿದಳು. ಒಳಗೆ ನೋಟುಗಳು, ಚಿಲ್ಲರೆ.

“ರೀ, ಕಟ್ಟಿಬಿಡಿ. ಹೋಗಲಿ.”

“ಏನನ್ನ?”

“ಅದೇ, ಸೇತುವೇದು.”

ಮೇಷ್ಟ್ರಿಗೆ ತಲೆಬುಡ ಅರ್ಥವಾಗಲಿಲ್ಲ. ಒಂದು ಕೊಳೆತ ಈರುಳ್ಳಿ ಬಂದಿದೆ ಎಂದು ಅಂಗಡಿಗೆ ವಾಪಸ್ ನಡೆದು ಹೋಗಿ ಬದಲಾಯಿಸಿಕೊಂಡು ಬರುವ ಹೆಂಗಸು ಇವಳು. ಮಾಡದ ತಪ್ಪಿಗೆ ದಂಡ ಕಟ್ಟಿ ಅನ್ನುತ್ತಿದ್ದಾಳೆ, ಅದೂ ತನ್ನ ಡಬ್ಬಿಯಿಂದ!

“ಕಟ್ಟಿದ್ರೆ ನಾವೇ ದಾಟಿದ್ವಿ ಅಂತ ಒಪ್ಪಿಕೊಂಡ ಹಾಗೆ.”

“ಕಟ್ಟಿ ಬಿಸಾಕೋ,” ಎಂದರು ಅಜ್ಜಿ ಮಂಚದಿಂದ. “ಸರ್ಕಾರದ ಜೊತೆ ಯಾರು ಗುದ್ದಾಡ್ತಾರೆ?”

“ಅಮ್ಮ, ನೀನೂ ಹೀಗಂದ್ರೆ ಹೇಗೆ? ಗಿರಣೀಲಿ ಅರ್ಧ ದಿನದ ಕೂಲಿ ಹಿಡಿದ್ರು ಅಂತ ಮ್ಯಾನೇಜರ ಮುಂದೆ ಬಾಗಿಲಿಗೆ ಅಡ್ಡ ಕೂತವಳು ನೀನು!”

“ಆಗ ವಯಸ್ಸಿತ್ತು,” ಎಂದು ಅಜ್ಜಿ ಗೋಡೆಯ ಕಡೆ ಹೊರಳಿದರು.

ಆಮೇಲಿನ ದಿನಗಳಲ್ಲಿ ಮೇಷ್ಟ್ರಿಗೆ ಊಟ ರುಚಿಸಲಿಲ್ಲ. ಕಾರು ಸೇತುವೆ ದಾಟಿಲ್ಲ, ಇದು ಖಂಡಿತ. ಕ್ಯಾಮೆರಾ ಸುಳ್ಳು ಹೇಳುವುದಿಲ್ಲ, ಇದು ಅವರೇ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದು ಹೇಳಿಕೊಡುತ್ತಿದ್ದ ಮಾತು. ಎರಡೂ ನಿಜವಾಗುವುದು ಹೇಗೆ? ಅದರ ಮಧ್ಯೆ ಇನ್ನೊಂದು ನೆನಪಾಯಿತು. ಗುರುವಾರದ ಮೊದಲ ಪಾಠಕ್ಕೆ ಹೊರಟಾಗ ಚಾಲಕರ ಸೀಟು ಎಷ್ಟೋ ಸಲ ಒಂದು ಹಲ್ಲು ಮುಂದಕ್ಕೆ ಇರುತ್ತಿತ್ತು. ಮಂಗಳವಾರ ಸಂಜೆ ಕಲಿಯಲು ಬರುವ ನರ್ಸಮ್ಮ ಕುಳ್ಳಗಿದ್ದಾರೆ, ಅವರೇ ಎಳೆದುಕೊಂಡಿರಬೇಕು ಎಂದುಕೊಂಡಿದ್ದರು. ಈಗ ಹಾಗನ್ನಿಸಲಿಲ್ಲ. ಮನೆಯಲ್ಲಿ ಲೈಸೆನ್ಸ್ ಇದ್ದದ್ದು ಇಬ್ಬರಿಗೆ, ತಮಗೆ ಮತ್ತು ಮಗಳಿಗೆ.

ಊಟಕ್ಕೆ ಕೂತಾಗ ಕೇಳಿಯೇಬಿಟ್ಟರು.

“ಬುಧವಾರ ಕಾರು ತಗೊಂಡು ಎಲ್ಲಿಗೆ ಹೋಗ್ತೀಯಾ?”

ಮಗಳು ತುತ್ತನ್ನು ತಟ್ಟೆಗೇ ಇಳಿಸಿದಳು. “ನಾನಾ?”

“ಲೈಸೆನ್ಸ್ ಇರೋದು ನಿನಗೆ. ಸೇತುವೆ ಆಚೆ ಸಿನಿಮಾ ಇದೆ, ಅಂಗಡಿಗಳಿವೆ. ಜೊತೇಲಿ ಯಾರಿರ್ತಾರೆ?”

“ಅವಳು ತಗೊಂಡಿಲ್ಲ,” ಎಂದಳು ಹೆಂಡತಿ.

“ನಿನಗೆ ಹೇಗೆ ಗೊತ್ತು?”

“ಗೊತ್ತು.”

“ಹೇಗೆ ಅಂತ ಕೇಳಿದೆ.”

ಹೆಂಡತಿ ಬಾಯಿ ತೆರೆದಳು. ಅಷ್ಟರಲ್ಲಿ ಅಜ್ಜಿಗೆ ಕೆಮ್ಮು ಬಂತು, ಎಂಥ ಕೆಮ್ಮು ಅಂದರೆ ನೀರು ತಂದುಕೊಟ್ಟರೂ ನಿಲ್ಲದ ಕೆಮ್ಮು. ಅದು ನಿಲ್ಲುವ ಹೊತ್ತಿಗೆ ಮಗಳು ಫೋನು ತೆಗೆದು ಅಪ್ಪನ ಮುಖಕ್ಕೆ ಹಿಡಿದಿದ್ದಳು. ಕಾಲೇಜಿನ ಹಾಜರಿ. ಬುಧವಾರ ಬೆಳಗಿನ ಲ್ಯಾಬ್ ಒಂದನ್ನೂ ಅವಳು ತಪ್ಪಿಸಿರಲಿಲ್ಲ.

“ಸಾಕಾ? ಇಲ್ಲ, ಪ್ರಿನ್ಸಿಪಾಲರ ಸಹಿ ಬೇಕಾ?”

ಅವಳು ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಅರ್ಧ ಉಂಡ ತಟ್ಟೆ ಅಲ್ಲೇ ಉಳಿಯಿತು. ಅಂದಿನಿಂದ ಅವಳು ಅಪ್ಪನ ಜೊತೆ ಕೂತು ಉಣ್ಣಲಿಲ್ಲ. ಏನಾದರೂ ಕೇಳಬೇಕಾದರೆ ಅಜ್ಜಿಯ ಮೂಲಕ ಕೇಳಿಸುವಳು. ಮಗಳ ಮೇಲೆ ಸುಮ್ಮನೆ ಗೂಬೆ ಕೂರಿಸಿದೆನಲ್ಲ ಎಂದು ಮೇಷ್ಟ್ರು ಒಳಗೊಳಗೇ ಪೇಚಾಡುತ್ತಿದ್ದರು, ಆದರೆ ತಪ್ಪಾಯಿತು ಅನ್ನಲು ನಾಲಿಗೆ ಏಳದು. ಬೈಯಲು ಮಾತ್ರ ಪಳಗಿದ ನಾಲಿಗೆ ಅದು.

ಹೆಂಡತಿಯ ಮೇಲೆ ಅನುಮಾನ ಯಾಕೆ ಬರಲಿಲ್ಲ ಅಂದರೆ, ಅವಳಿಗೆ ಡ್ರೈವಿಂಗ್ ಬರುವುದಿಲ್ಲ ಎಂಬುದನ್ನು ಕಣ್ಣಾರೆ ಕಂಡವರು ಅವರೇ. ಮಗಳು ಇನ್ನೂ ಸ್ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ ಒಮ್ಮೆ ಕಲಿಸಲು ಕೂತಿದ್ದರು. ಮಾರುಕಟ್ಟೆಯ ತಿರುವಿನಲ್ಲಿ, ನಾಲ್ಕೂ ಕಡೆ ಗಾಡಿಗಳು ನುಗ್ಗುವ ಜಾಗದಲ್ಲಿ, ಎಂಜಿನ್ ನಿಂತುಹೋಯಿತು. ಹಿಂದಿನವರ ಹಾರ್ನ್ ಒಂದು ಕಡೆ, ಮೇಷ್ಟ್ರ ಬೈಗುಳ ಇನ್ನೊಂದು ಕಡೆ. “ನಾನು ಓಡಿಸ್ತಿದೀನೋ ನೀವು ಓಡಿಸ್ತಿದೀರೋ ಒಂದೂ ತಿಳೀತಿಲ್ಲ. ಮೊದಲು ಆ ಕಾಲು ತೆಗೀರಿ!” ಎಂದು ಕೂಗಿ ಅವಳು ಬಾಗಿಲು ತೆರೆದು, ಟೊಮೆಟೊ ಗಾಡಿಗಳ ನಡುವೆ ನಡೆದು ಮನೆಗೆ ಹೋಗಿಬಿಟ್ಟಿದ್ದಳು. ಊರಿಗೆಲ್ಲ ಕಲಿಸಿದವರ ಹೆಂಡತಿಗೆ ಕಲಿಸುವವರಿಲ್ಲ ಎಂದು ಆಮೇಲೆ ನೆಂಟರಿಷ್ಟರು ನಗೆಯಾಡಿದರು. ಮೇಷ್ಟ್ರೂ ನಗೆಯಾಡುತ್ತಿದ್ದರು. ಅವಳು ಮಾತ್ರ ಆ ಮಾತು ಬಂದಾಗ ಪಾತ್ರೆ ತೊಳೆಯಲು ಏಳುತ್ತಿದ್ದಳು.

ಕಡೆಗೆ ಮೇಷ್ಟ್ರ ಗೊಂದಲಕ್ಕೆ ಟೈರ್ ಅಂಗಡಿಯವನು ದಾರಿ ತೋರಿಸಿದ.

“ಯಾರೋ ನಿಮ್ಮ ನಂಬರ್ ಕದ್ದಿದಾರೆ ಮೇಷ್ಟ್ರೇ. ಅದೇ ಬಣ್ಣದ ಕಾರಿಗೆ ನಿಮ್ಮ ನಂಬರ್ ಬಡಿದು ಓಡಾಡ್ತಾರೆ. ಟೋಲು ನಿಮ್ಮ ತಲೆಗೆ.”

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಕ್ಯಾಮೆರಾ ಸುಳ್ಳು ಹೇಳಿಲ್ಲ, ತಮ್ಮ ಕಾರೂ ದಾಟಿಲ್ಲ! ಅವತ್ತೇ ಅಂಗಡಿಯ ಕಂಪ್ಯೂಟರಿನಲ್ಲಿ ತಾಯಿಯ ಹೆಸರಿನಿಂದ ತಕರಾರು ಸಲ್ಲಿಸಿದರು. ತಕರಾರಿಗೆ ಕಾರಣವೇನು ಎಂದು ಅದು ಕೇಳಿತು. ವಾಹನ ಮಾರಿದ್ದೀರಾ, ಕಳುವಾಗಿದೆಯಾ, ಬೇರೆಯವರು ಓಡಿಸುತ್ತಿದ್ದರಾ, ಹಾಗಿದ್ದರೆ ಅವರ ಹೆಸರೇನು, ಲೈಸೆನ್ಸ್ ಏನು. ಮೇಷ್ಟ್ರು ಅವನ್ನೆಲ್ಲ ದಾಟಿ ‘ಇದು ನನ್ನ ವಾಹನವಲ್ಲ’ ಎಂಬಲ್ಲಿ ಗುರುತು ಹಾಕಿದರು. ಕೆಳಗೆ ತಮ್ಮ ಇಷ್ಟು ವರ್ಷದ ಶಿಸ್ತಿನ ಬಗ್ಗೆ ಉದ್ದಕ್ಕೆ ಬರೆದರು.

ಅಷ್ಟಕ್ಕೆ ಬಿಡಲಿಲ್ಲ. ತಮ್ಮ ಕಾರಿನಂಥದೇ ಬೂದು ಬಣ್ಣದ ಕಾರು ಕಂಡಲ್ಲೆಲ್ಲ ನಿಂತು ನಂಬರ್ ಓದತೊಡಗಿದರು. ಪಾಠದ ಮಧ್ಯೆ “ಅದರ ಹಿಂದೆ ಹೋಗಿ, ಹೋಗಿ!” ಎಂದು ಕೂಗಿ ನರ್ಸಮ್ಮನನ್ನು ಹೆದರಿಸಿದರು. ಆಸ್ಪತ್ರೆಯ ಹಿಂದೆ ನಿಂತಿದ್ದ ಒಂದು ಬೂದು ಕಾರಿನ ಸುತ್ತ ಮೂರು ಸುತ್ತು ಹಾಕಿದ್ದಕ್ಕೆ ಕಾವಲುಗಾರ ಇವರನ್ನೇ ಕಳ್ಳನೆಂದು ತಡೆದ. ಮನೆಗೆ ಬಂದು ಇದನ್ನೆಲ್ಲ ಹೇಳಿದರೆ ಹೆಂಡತಿಯ ಮುಖ ಸಪ್ಪಗಾಗುತ್ತಿತ್ತು.

“ಸಾಕು ಮಾಡಿ ರೀ. ನಿಮ್ಮ ಕೈ ಮುಗೀತೀನಿ.”

“ಸತ್ಯ ನನ್ನ ಕಡೆ ಇರುವಾಗ ಯಾಕೆ ಸಾಕು ಮಾಡಲಿ?”

ಅವಳು ಕೈಯಲ್ಲಿದ್ದ ಸೌಟು ಇಟ್ಟು ಅತ್ತೆಯ ಕಡೆ ನೋಡಿದಳು. ಅತ್ತೆ ಬಟಾಣಿ ಸುಲಿಯುವುದನ್ನು ನಿಲ್ಲಿಸಿ ಸೊಸೆಯ ಕಡೆ ನೋಡಿದರು. ಈ ಇಬ್ಬರಿಗೆ ಏನಾಗಿದೆ ಎಂದು ಮೇಷ್ಟ್ರಿಗೆ ಬಗೆಹರಿಯಲಿಲ್ಲ.

ಮುಂದಿನ ವಾರ ಟೋಲ್ ಕಚೇರಿಯಿಂದ ಕರೆ ಬಂತು. ಮಾಲೀಕರು ಖುದ್ದಾಗಿ ಬರಬೇಕು, ಚಿತ್ರ ನೋಡಿ ಹೇಳಿಕೆ ಕೊಡಬೇಕು.

ಕಾರಿನಲ್ಲಿ ಅಜ್ಜಿ ಎಂದಿನಂತೆ ಹಿಂದಿನ ಸೀಟಿನಲ್ಲಿ ಕೂತರು. ಅದು ಅವರ ಖಾಯಂ ಜಾಗ. ಹೆಂಗಸರು ಒಬ್ಬೊಬ್ಬರೇ ಕಲಿಯಲು ಬರಲು ಹಿಂಜರಿಯುತ್ತಿದ್ದ ದಿನಗಳಲ್ಲಿ, ಹಿಂದೆ ಒಬ್ಬರು ಹಿರಿಯರಿದ್ದರೆ ಅವರಿಗೂ ಧೈರ್ಯ, ಮನೆಯವರಿಗೂ ನೆಮ್ಮದಿ ಎಂದು ಮೇಷ್ಟ್ರೇ ಶುರುಮಾಡಿದ ಏರ್ಪಾಟು. ಕಾಲ ಬದಲಾದರೂ ಅಜ್ಜಿ ಜಾಗ ಬಿಟ್ಟುಕೊಡಲಿಲ್ಲ. ಮಡಿಲಲ್ಲಿ ತರಕಾರಿ ಚೀಲ, ಕೈಯಲ್ಲಿ ಕೆಲಸ, ಕಿವಿಯಲ್ಲಿ ಮಗನ ಪಾಠ. ಎಷ್ಟು ಜನರ ಪಾಠ ಹಾಗೆ ಕೇಳಿದ್ದರೋ ಲೆಕ್ಕ ಇಟ್ಟವರಿಲ್ಲ.

“ನಾನೊಂದು ಮಾತು ಹೇಳಬೇಕು ಕಣೋ,” ಎಂದರು ದಾರಿಯಲ್ಲಿ.

“ಅಲ್ಲಿ ನೀನೇನೂ ಹೇಳಬೇಡ. ಸುಮ್ನೆ ಕೂತ್ಕೋ. ನಾನು ನೋಡ್ಕೊಳ್ತೀನಿ.”

“ಅಲ್ಲಿಗೆ ಹೋಗೋ ಮುಂಚೆ...”

“ಅಮ್ಮ, ರಸ್ತೆ ಕಡೆ ಗಮನ ಕೊಡೋಕೆ ಬಿಡು.”

ಅಜ್ಜಿ ಬಾಯಿ ಮುಚ್ಚಿದರು. ಹೇಳಲು ಬಂದವರನ್ನು ತಾವೇ ಸುಮ್ಮನಾಗಿಸಿದ್ದು ಆಮೇಲೆ ಮೇಷ್ಟ್ರನ್ನು ಬಹಳ ದಿನ ಕಾಡಿತು.

ಕೌಂಟರಿನಲ್ಲಿದ್ದ ಹೆಂಗಸಿಗೆ ವಿಪರೀತ ನೆಗಡಿ. ಮೂಗು ಒರೆಸಿಕೊಳ್ಳುತ್ತ “ಮಾಲೀಕರು ಯಾರು?” ಎಂದಳು.

“ನಾನು ಮಾತಾಡ್ತೀನಿ,” ಎಂದರು ಮೇಷ್ಟ್ರು.

“ನೀವು ಮಾಲೀಕರಾ?”

“ಅಲ್ಲ. ಮಗ.”

“ಹಾಗಾದ್ರೆ ಅವರು ಕೂತ್ಕೊಳ್ಳಲಿ, ನೀವು ನಿಂತ್ಕೊಳ್ಳಿ.” ಕುರ್ಚಿ ಇದ್ದದ್ದು ಒಂದೇ.

ಮೇಷ್ಟ್ರು ನಿಂತುಕೊಂಡೇ ನಕಲಿ ನಂಬರಿನ ವಿಷಯವನ್ನು ಆದ್ಯಂತ ವಿವರಿಸಿದರು. ಆಕೆ ಪೂರ್ತಿ ಕೇಳಿದಳು. ಆಮೇಲೆ ಕಂಪ್ಯೂಟರಿನ ಪರದೆಯನ್ನು ಇವರ ಕಡೆ ತಿರುಗಿಸಿದಳು. ಮನೆಗೆ ಬಂದ ಕಾಗದದಲ್ಲಿ ನಂಬರಿನ ಚಿತ್ರವಷ್ಟೇ ಇತ್ತು. ಇಲ್ಲಿ ಇಡೀ ಕಾರೇ ಇತ್ತು. ನೆತ್ತಿಯ ಮೇಲೆ ಸ್ಕೂಲಿನ ಫಲಕ, ಫಲಕದ ಮೇಲೆ ಫೋನ್ ನಂಬರು.

“ಈ ಫೋನ್ ನಂಬರೂ ನಕಲೀನಾ?” ಎಂದಳು ಆಕೆ. ಕುಹಕವಿರಲಿಲ್ಲ, ನಿಜವಾಗಿ ಕೇಳಿದಳು.

ಮೇಷ್ಟ್ರು ಬಗ್ಗಿ ನೋಡಿದರು. ಸ್ಟಿಯರಿಂಗಿನ ಹಿಂದೆ ಒಬ್ಬ ಹೆಂಗಸು. ಅವರ ಕಣ್ಣು ಅಭ್ಯಾಸಬಲದಿಂದ ಮೊದಲು ಹೋದದ್ದು ಅವಳ ಕೈಗಳ ಕಡೆಗೆ. ಎರಡೂ ಇರಬೇಕಾದ ಕಡೆಯೇ ಇದ್ದವು. ಬೆನ್ನು ನೆಟ್ಟಗೆ, ಗಲ್ಲ ಮೇಲಕ್ಕೆ, ನೋಟ ದೂರಕ್ಕೆ. ಚೆನ್ನಾಗಿ ಕೂತಿದ್ದಾಳೆ, ಯಾರ ಹತ್ತಿರ ಕಲಿತವಳೋ, ಎಂಬ ಯೋಚನೆ ಬಂದುಹೋಯಿತು. ಆಮೇಲೆ ಅವಳ ಹೆಗಲ ಮೇಲಿನ ನೀಲಿ ಶಾಲು ಕಂಡಿತು. ಅದನ್ನು ತಂದುಕೊಟ್ಟವರು ಅವರೇ.

ಪಕ್ಕದ ಸೀಟಿನಲ್ಲಿ, ತಾವು ಕೂರುವ ಸೀಟಿನಲ್ಲಿ, ತಾಯಿ. ಮಡಿಲಲ್ಲಿ ಬಟಾಣಿ ಚೀಲ. ಒಂದು ಬೆರಳು ಮೇಲೆತ್ತಿದ್ದಾರೆ. ‘ಮೊದಲು ಕನ್ನಡಿ ನೋಡಿ’ ಎನ್ನುವಾಗ ಮೇಷ್ಟ್ರು ಎತ್ತುವ ಬೆರಳು ಅದು, ಅದೇ ಓರೆ, ಅದೇ ಎತ್ತರ.

“ಓಡಿಸ್ತಿರೋರು ಗೊತ್ತಾ ನಿಮಗೆ?” ಎಂದಳು ಕೌಂಟರಿನ ಹೆಂಗಸು.

ಗೊತ್ತು ಅಂದರೆ ಹೆಸರು ಕೊಡಬೇಕು. ಹೆಸರು ಕೊಟ್ಟರೆ ಲೈಸೆನ್ಸ್ ಕೇಳುತ್ತಾರೆ. ಲೈಸೆನ್ಸ್ ಇಲ್ಲದವಳು, ಪಕ್ಕದಲ್ಲಿ ಲೈಸೆನ್ಸ್ ಇಲ್ಲದ ಮುದುಕಿ, ಕಲಿಯುವವರು ಹತ್ತಬಾರದ ಸೇತುವೆ, ಮೇಲೆ ತಮ್ಮ ಸ್ಕೂಲಿನ ಫಲಕ. ಪರ್ಮಿಟ್ ಅಲ್ಲಿಗೆ ಮುಗಿಯಿತು. ಗೊತ್ತಿಲ್ಲ ಅಂದರೆ, ಕಟ್ಟಿಕೊಂಡ ಹೆಂಡತಿಯನ್ನು, ಹೆತ್ತ ತಾಯಿಯನ್ನು ಯಾರೋ ಏನೋ ಅನ್ನಬೇಕು. ಮೇಷ್ಟ್ರು ಒಮ್ಮೆ ಚಿತ್ರವನ್ನು, ಒಮ್ಮೆ ಕುರ್ಚಿಯಲ್ಲಿದ್ದ ತಾಯಿಯನ್ನು ನೋಡಿದರು.

“ಅವನನ್ನ ಯಾಕಮ್ಮ ಕೇಳ್ತೀಯಾ?” ಎಂದರು ಅಜ್ಜಿ. “ಕಾರು ಯಾರದು?”

“ಕಾಗದದ ಪ್ರಕಾರ ನಿಮ್ಮದು.”

“ನನ್ನದು ತಾನೇ? ನನ್ನ ಕಾರು, ನಾನು ಕೊಟ್ಟೆ, ಹೋಯ್ತು. ಈ ತಕರಾರು ಬೇಡ. ಅದನ್ನ ಕಿತ್ತುಹಾಕು. ಹಣ ಎಷ್ಟು ಅಂತ ಹೇಳು.”

“ತಕರಾರು ವಾಪಸ್ ತಗೊಂಡ್ರೆ ದಂಡ ಸೇರಿಸಿ ಕಟ್ಟಬೇಕಾಗುತ್ತೆ ಅಜ್ಜಿ.”

“ಕಟ್ತೀನಿ. ಓಡಿಸಿದ್ದು ಯಾರು ಅಂತ ಮತ್ತೆ ಕೇಳ್ತೀರಾ?”

ಕೌಂಟರಿನವಳು ಒಂದು ಸಲ ಸೀನಿದಳು. ಪರದೆಯ ಮೇಲಿನ ಮುದುಕಿಯನ್ನೂ ಎದುರಿನ ಮುದುಕಿಯನ್ನೂ ಸಾವಕಾಶವಾಗಿ ನೋಡಿದಳು. “ಮಾಲೀಕರೇ ಹೊಣೆ ಹೊತ್ತು ಕಟ್ಟಿದ್ಮೇಲೆ ನಮಗ್ಯಾಕೆ ಬೇಕು? ಆದ್ರೆ ಇನ್ನೊಂದು ಬುಧವಾರ ಈ ಚಿತ್ರ ನನ್ನ ಮುಂದೆ ಬರಬಾರದು.”

ಅಜ್ಜಿ ಚೀಲದಿಂದ ಬಿಸ್ಕತ್ತಿನ ಡಬ್ಬಿ ತೆಗೆದರು. ತಮ್ಮ ಉಳಿತಾಯವೂ ಸೇರಿ ಅದು ಈಗ ತುಂಬಿತ್ತು. ಅವರು ಮೊದಲೇ ಸಿದ್ಧವಾಗಿ ಬಂದಿದ್ದರು.

ಮನೆಯೊಳಗೆ ಕಾಲಿಟ್ಟ ಮೇಲೆ ಮೇಷ್ಟ್ರ ಸಿಟ್ಟಿನ ಕಟ್ಟೆ ಒಡೆಯಿತು. ಹೆಂಡತಿ ಆಲೂಗಡ್ಡೆ ಹೆರೆಯುತ್ತ ಕೂತಿದ್ದಳು.

“ನನ್ನ ಮಾನ ಮರ್ಯಾದೆ ಎಲ್ಲ ಬೀದಿಗೆ ಹಾಕಿದ್ರಲ್ಲ! ಬೂದು ಕಾರು ಹುಡುಕ್ಕೊಂಡು ಕಳ್ಳನ ಹಾಗೆ ಅಲೆದೆನಲ್ಲ! ಲೈಸೆನ್ಸ್ ಇಲ್ಲದ ಮುದುಕೀನ ಪಕ್ಕ ಕೂರಿಸ್ಕೊಂಡು ಸೇತುವೆ ಮೇಲೆ! ಏನಾದ್ರೂ ಆಗಿದ್ರೆ?”

“ಆಗಬಹುದಿತ್ತು,” ಎಂದಳು ಅವಳು. “ತಪ್ಪೇ. ಇಲ್ಲ ಅನ್ನಲ್ಲ. ಬೈದುಬಿಡಿ.”

ಬೈಯಲು ಹೇಳಿದರೆ ಬೈಗುಳ ಬರುವುದಿಲ್ಲ. ಮೇಷ್ಟ್ರು ಅಲ್ಲೇ ನಿಂತರು. “ಯಾಕೆ ಅಂತಾದ್ರೂ ಹೇಳು. ಯಾಕೆ?”

“ಅತ್ತೆಗೆ ಉಸಿರು ಸಿಕ್ಕಿಹಾಕಿಕೊಂಡ ದಿನ ನೆನಪಿದೆಯಾ?”

“ಚಳಿಗಾಲದಲ್ಲಿ. ಡಾಕ್ಟರ ಹತ್ರ ಹೋಗಿ ಬಂದ್ವಿ, ಈಗ ಪರವಾಗಿಲ್ಲ ಅಂದ್ರಿ.”

“ಅದು ಬುಧವಾರ. ನಿಮಗೆ ಫೋನ್ ಮಾಡಿದೆ, ಮಾಡಿದೆ, ಮಾಡಿದೆ. ಪಾಠದಲ್ಲಿ ಎಲ್ಲರ ಫೋನೂ ಬಂದ್ ಮಾಡಿಸ್ತೀರಲ್ಲ, ನಿಮ್ಮದೂ ಬಂದ್. ಅತ್ತೆ ತುಟಿ ನೀಲಿ ಆಗಿತ್ತು. ಬಾಗಿಲ ಮುಂದೆ ಕಾರು ನಿಂತಿದೆ, ಕೀ ನನ್ನ ಕೈಯಲ್ಲಿದೆ, ಅತ್ತೆ ನನ್ನ ಹೆಗಲ ಮೇಲಿದಾರೆ. ನಾವಿಬ್ಬರೂ ಆ ಕಾರಿನ ಪಕ್ಕ ನಿಂತ್ಕೊಂಡು ಬೇರೆ ಗಾಡಿಗೆ ಕೈ ಅಡ್ಡ ಹಾಕ್ತಿದ್ವಿ ರೀ. ಕೊನೆಗೆ ಹಾಲಿನ ವ್ಯಾನಿನವನು ಕ್ಯಾನುಗಳ ಮಧ್ಯೆ ಕೂರಿಸ್ಕೊಂಡು ಹೋದ.”

“ನನಗೆ ಹೇಳಲೇ ಇಲ್ಲ.”

“ಹೇಳಿದೆ. ‘ಟ್ಯಾಕ್ಸಿ ಕರೆಸಬೇಕಿತ್ತು’ ಅಂದ್ರಿ.”

ಮೇಷ್ಟ್ರಿಗೆ ನೆನಪಾಯಿತು. ಹಾಗೆ ಅಂದದ್ದು ಹೌದು. ಹಾಗಂದು ಮುಖ ತೊಳೆಯಲು ಹೋಗಿದ್ದರು.

“ಹುಷಾರಾಗಿ ಮನೆಗೆ ಬಂದ ಮೇಲೆ ನಾನೇ ಅಂದೆ,” ಎಂದರು ಅಜ್ಜಿ. “ಅವನು ಕಲಿಸಲ್ಲ, ಕಲಿಸಿದ್ರೂ ನೀನು ಉಳಿಯಲ್ಲ, ಬಾ ನಾನು ಕಲಿಸ್ತೀನಿ ಅಂದೆ. ನಿನ್ನ ಪಾಠ ಪೂರ್ತಿ ನನಗೆ ಬಾಯಿಪಾಠ ಕಣೋ. ಬೈಗುಳ ಒಂದನ್ನ ಬಿಟ್ಟು ಉಳಿದದ್ದೆಲ್ಲ ಹೇಳಿಕೊಟ್ಟೆ.”

“ಅದಕ್ಕೆ ಆ ಸೇತುವೇನೇ ಬೇಕಿತ್ತಾ?”

“ಮೊದಲು ಐಸ್ ಫ್ಯಾಕ್ಟರಿ ಹಿಂದಿನ ಬಯಲಲ್ಲಿ,” ಎಂದಳು ಹೆಂಡತಿ. “ಆಮೇಲೆ ರಸ್ತೆಗೆ ಇಳೀಬೇಕಲ್ಲ. ನನಗೆ ತಿರುವು ಅಂದ್ರೆ ಇವತ್ತಿಗೂ ಭಯ. ನಮ್ಮ ಬೀದಿಯಿಂದ ನೆಟ್ಟಗೆ ಹೋದ್ರೆ ಆ ಸೇತುವೆ. ಆಚೆ ತುದೀಲಿ ರಸ್ತೆ ತಾನಾಗೇ ಸುತ್ತಿ ಈ ಕಡೆಗೆ ತರುತ್ತೆ. ಎಲ್ಲೂ ಎದುರು ಗಾಡಿ ದಾಟಿ ತಿರುಗಿಸೋ ಹಾಗಿಲ್ಲ. ಕಲಿಯೋರು ಹತ್ತಬಾರದು ಅಂತಾಗಲಿ, ಹಣ ಕಟ್ಟಬೇಕು ಅಂತಾಗಲಿ ನಮಗೆ ಗೊತ್ತಿರಲಿಲ್ಲ. ನಾನು ರಸ್ತೆ ನೋಡ್ತಿದ್ದೆ, ಅತ್ತೆ ನನ್ನನ್ನ ನೋಡ್ತಿದ್ರು. ಬೋರ್ಡು ಯಾರೂ ನೋಡಲಿಲ್ಲ.”

ಅವಳು ಎದ್ದು, ಕೈ ಒರೆಸಿಕೊಂಡು, ಅಕ್ಕಿ ಡಬ್ಬದ ಹಿಂದಿನಿಂದ ಒಂದು ಕಾರ್ಡು ತಂದು ಅವರ ಮುಂದಿಟ್ಟಳು. ಕಲಿಯುವವರ ಲೈಸೆನ್ಸ್. ಪಾಠಕ್ಕೆಂದು ಅವರು ಮನೆಯಲ್ಲಿಟ್ಟ ಪುಸ್ತಕವನ್ನೇ ಓದಿ ಪರೀಕ್ಷೆ ಬರೆದಿದ್ದಳು. ಟೋಲ್ ರಸ್ತೆಯ ಅಧ್ಯಾಯದ ಹಾಳೆಗಳು ಅದರಲ್ಲಿ ಎಂದೋ ಕಿತ್ತುಹೋಗಿದ್ದವು, ಹೊಸದು ತರಬೇಕು ಎಂದು ಮೇಷ್ಟ್ರೂ ಅದೆಷ್ಟೋ ಸಲ ಅಂದುಕೊಂಡಿದ್ದರು.

“ಬರೋ ಸೋಮವಾರ ಓಡಿಸೋ ಪರೀಕ್ಷೆ,” ಎಂದಳು. “ಪಾಸಾಗಿ ಲೈಸೆನ್ಸನ್ನೇ ನಿಮ್ಮ ಮುಂದೆ ಇಡೋಣ ಅಂತಿದ್ವಿ. ಮಗಳನ್ನ ಬೈದಾಗಲೇ ಬಾಯಿಬಿಡಬೇಕಿತ್ತು. ಬಿಡಲಿಲ್ಲ. ಅದೊಂದಕ್ಕೆ ನನ್ನ ಮೇಲೆ ನನಗೇ ಅಸಹ್ಯ.”

ಅವಳ ಕಣ್ಣು ತುಂಬಿತು. ಮೇಷ್ಟ್ರಿಗೆ ಸಿಟ್ಟು ಬಂದಿತ್ತು, ಹೋಗಿರಲಿಲ್ಲ. ನಾಚಿಕೆ ಬಂದಿತ್ತು. ಕಾರಿನ ಪಕ್ಕ ನಿಂತ ಇಬ್ಬರು ಹೆಂಗಸರು ಕಣ್ಣ ಮುಂದಿನಿಂದ ಅಲ್ಲಾಡುತ್ತಿರಲಿಲ್ಲ. ಅವರು ಕೆಳಗೆ ಕೂತು ಅರ್ಧ ಹೆರೆದ ಆಲೂಗಡ್ಡೆಯನ್ನು ಕೈಗೆತ್ತಿಕೊಂಡು ಹೆರೆಯತೊಡಗಿದರು. ಸಿಪ್ಪೆಯ ಜೊತೆ ಆಲೂಗಡ್ಡೆಯೂ ಹೋಗುತ್ತಿತ್ತು. ಯಾರೂ ಬೇಡ ಅನ್ನಲಿಲ್ಲ.

ಸಂಜೆ ಮಗಳು ಕಾಲೇಜಿನಿಂದ ಬಂದಾಗ ಅವಳ ಕೋಣೆಯ ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದರು.

“ಕಾರು ನೀನು ತಗೊಂಡಿರಲಿಲ್ಲ,” ಎಂದರು.

“ಅದು ನನಗೆ ಮೊದಲೇ ಗೊತ್ತಿತ್ತು ಅಪ್ಪ.”

“ಹೂಂ. ನನ್ನದೇ ತಪ್ಪು.”

ಅವಳು ಅಪ್ಪನ ಮುಖವನ್ನು ಕಣ್ಣರಳಿಸಿ ನೋಡಿದಳು. ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಲು ಹೋದವಳು, ನಡುವೆಯೇ ಕೈ ಇಳಿಸಿ ನಕ್ಕಳು. ಅವತ್ತು ನಾಲ್ವರೂ ಒಟ್ಟಿಗೆ ಕೂತು ಉಂಡರು.

ಪರೀಕ್ಷೆಗೆ ಮುಂಚಿನ ಬುಧವಾರ ಪಾಠದಲ್ಲಿ ಮೇಷ್ಟ್ರು ಎಂದಿನಂತೆ ಎಲ್ಲರ ಫೋನೂ ಬಂದ್ ಮಾಡಿಸಿದರು. ತಮ್ಮದನ್ನು ಮಾತ್ರ ಮೇಜಿನ ಮೇಲೆ, ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡರು. ಅದು ಒಂದು ಸಲವೂ ಹೊಡೆದುಕೊಳ್ಳಲಿಲ್ಲ, ಆದರೂ ಅವರ ಕಣ್ಣು ಪದೇ ಪದೇ ಅತ್ತಲೇ ಹೋಗುತ್ತಿತ್ತು.

ಪರೀಕ್ಷೆಯ ಹಿಂದಿನ ದಿನ ಭಾನುವಾರ ಮಧ್ಯಾಹ್ನ ಮೊಳೆಯಿಂದ ಕೀ ತೆಗೆದು ಹೆಂಡತಿಯ ಕೈಗಿಟ್ಟರು. ಅವಳು ಸೀಟನ್ನು ಒಂದು ಹಲ್ಲು ಮುಂದಕ್ಕೆ ಎಳೆದುಕೊಂಡಳು. ಮೇಷ್ಟ್ರು ಪಕ್ಕದಲ್ಲಿ, ಅಜ್ಜಿ ಬಟಾಣಿ ಚೀಲದೊಂದಿಗೆ ಹಿಂದೆ.

“ಎಲ್ಲಿಗೆ?” ಎಂದಳು.

“ಮಾರುಕಟ್ಟೆ ಕಡೆಗೆ.”

ಅವಳು ಒಮ್ಮೆ ಅವರನ್ನು ನೋಡಿದಳು. ಕನ್ನಡಿ ನೋಡಿದಳು. ಕಾರು ಹೊರಟಿತು.

ಬೀದಿ ಮುಗಿಯುವವರೆಗೆ ಎಲ್ಲ ಸರಿಯಾಗಿತ್ತು. ಬಟ್ಟೆ ಅಂಗಡಿಗಳ ಸಾಲು ದಾಟುವವರೆಗೂ ಸರಿಯಾಗಿತ್ತು. ತಿರುವಿಗೆ ಬಂದಾಗ ನಾಲ್ಕೂ ಕಡೆಯಿಂದ ಗಾಡಿಗಳು ನುಗ್ಗಿದವು, ಟೊಮೆಟೊ ಗಾಡಿಯವನು ಅಡ್ಡ ಬಂದ, ಎಂಜಿನ್ ಒಂದು ಸಲ ಕುಲುಕಿ ನಿಂತುಹೋಯಿತು. ಹಿಂದಿನಿಂದ ಹಾರ್ನ್ ಶುರುವಾಯಿತು. ಒಂದು, ಆಮೇಲೆ ಹತ್ತು.

ಮೇಷ್ಟ್ರ ಬಾಯಿ ತಾನಾಗಿ ತೆರೆಯಿತು. ಮೇಲಿನ ಕನ್ನಡಿಯಲ್ಲಿ, ಹಿಂದಿನ ಸೀಟಿನಿಂದ ಒಂದು ಬೆರಳು ಎದ್ದದ್ದು ಕಂಡಿತು. ಈ ಸಲ ಅದು ಸೊಸೆಗೆ ಎತ್ತಿದ ಬೆರಳಾಗಿರಲಿಲ್ಲ. ಮೇಷ್ಟ್ರು ಬಾಯಿ ಮುಚ್ಚಿದರು. ಬೆವರು ಕಿವಿಯ ಹಿಂದಿನಿಂದ ಕಾಲರಿಗೆ ಇಳಿಯಿತು.

ಹೆಂಡತಿ ಕೀ ತಿರುಗಿಸಿದಳು. ಹಾರ್ನ್ ಹೊಡೆಯುವವರು ಹೊಡೆಯುತ್ತಲೇ ಇದ್ದರು. ಅವಳು ಅವಸರ ಮಾಡಲಿಲ್ಲ. ಟೊಮೆಟೊ ಗಾಡಿ ಪೂರ್ತಿ ದಾಟುವವರೆಗೆ ಕಾದಳು, ಎದುರಿನ ಬಸ್ಸಿಗೆ ದಾರಿ ಬಿಟ್ಟಳು, ಆಮೇಲೆ ಅಗಲವಾಗಿ, ನಿಧಾನವಾಗಿ ತಿರುಗಿಸಿದಳು. ಮಾರುಕಟ್ಟೆ ಹಿಂದೆ ಉಳಿಯಿತು.

ಹಿಂದೆ ಬಟಾಣಿ ಸಿಪ್ಪೆ ಒಡೆಯುವ ಸದ್ದು ಮತ್ತೆ ಶುರುವಾಯಿತು.

“ರೀ,” ಎಂದಳು ಅವಳು, ರಸ್ತೆಯಿಂದ ಕಣ್ಣು ತೆಗೆಯದೆ. “ಈಗ ತಿರುಗಿಸಿದ್ದು ನಾನಾ, ನೀವಾ? ಕಾಲು ಬ್ರೇಕ್ ಮೇಲಿತ್ತಾ?”

“ಇಲ್ಲ,” ಎಂದರು ಮೇಷ್ಟ್ರು.

ಹೇಳಿದ ಮೇಲೆ ಅವರಿಗೇ ನಂಬಿಕೆ ಬರಲಿಲ್ಲ. ಬಗ್ಗಿ ಕೆಳಗೆ ನೋಡಿಕೊಂಡರು. ಎರಡು ಕಾಲನ್ನೂ ಯಾವಾಗಲೋ ಸೀಟಿನ ಕೆಳಗೆ ಮಡಚಿ ಇಟ್ಟುಕೊಂಡಿದ್ದರು.